ನಾಲ್ಕನೆಯ ಸಲ

ಎದುರಿಗೆ ಬಂದವರ ಮುಖ ನೋಡುವ ಮೊದಲು ಗದ್ದ ನೋಡುವುದು ಹದಿನಾಲ್ಕು ವರ್ಷಗಳ ಕೆಲಸದಲ್ಲಿ ಅವನಿಗೆ ಅಂಟಿಕೊಂಡ ಚಟ. ಗದ್ದ ಎಷ್ಟು ಮುಂದಿದೆ, ಕತ್ತು ಎಷ್ಟು ಹಿಂದಕ್ಕೆ ಬಾಗೀತು, ಬಾಯಿ ಬಿಟ್ಟರೆ ಮೂರು ಬೆರಳು ಹಿಡಿದಾವೇ, ಮೇಲಿನ ಹಲ್ಲು ಮುಂದಕ್ಕೆ ಚಾಚಿದೆಯೇ. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗೆ ಮತ್ತು ಬರಿಸಿ, ಅವರ ಉಸಿರನ್ನು ತನ್ನ ಕೈಗೆ ತೆಗೆದುಕೊಂಡು, ಗಂಟಲೊಳಗೆ ಒಂದು ಟ್ಯೂಬು ಇಳಿಸಿ ಬದುಕಿಸಿಕೊಂಡಿರುವುದು ಅವನ ಕಸುಬು. ಹೆಂಡತಿಯನ್ನು ಮೊದಲ ಸಲ ಕಂಡಾಗಲೂ ‘ಇವಳಿಗೆ ಟ್ಯೂಬು ಸಲೀಸಾಗಿ ಹೋಗುತ್ತದೆ’ ಅನ್ನಿಸಿದ್ದನ್ನು ಎಷ್ಟೋ ವರ್ಷಗಳ ಮೇಲೆ ಬಾಯಿಬಿಟ್ಟಿದ್ದ. ಅವಳು ಒಂದು ವಾರ ಮುನಿಸಿಕೊಂಡಿದ್ದು, ಆಮೇಲೆ ಅದನ್ನೇ ನೆಂಟರಿಗೆಲ್ಲ ಹೇಳಿ ನಗಿಸಿದ್ದಳು. ಇವತ್ತು ಬೆಳಿಗ್ಗೆ ತಿಂಡಿಗೆ ಕೂತಾಗ ಆರು ವರ್ಷದ ಮಗಳು ಬಾಯಿ ಅಗಲಿಸಿಕೊಂಡು ಅವನ ಮುಂದೆ ಬಂದು ನಿಂತಳು. “ಅಪ್ಪಾ, ಮುಟ್ಟಿ ನೋಡು, ಅಲ್ಲಾಡ್ತಿದೆ.” ಮುಂದಿನ ಹಾಲುಹಲ್ಲು. ಅವನ ಕೈ ಅರ್ಧ ದಾರಿ ಹೋಗಿ ಹಿಂದಕ್ಕೆ ಬಂತು. “ಅಪ್ಪನ ಕೈ ತಣ್ಣಗಿದೆ ಪುಟ್ಟಿ, ಸಂಜೆ ನೋಡ್ತೀನಿ.” ಹೆಂಡತಿ ಒಲೆಯ ಕಡೆಯಿಂದ ತಿರುಗಿ, “ದಿನಾ ಊರವರ ಬಾಯೊಳಗೆಲ್ಲ ಕೈ ಹಾಕೋರು, ಮಗಳ ಹಲ್ಲು ಮುಟ್ಟೋಕೆ ಏನು ಬಿಗುಮಾನ?” ಎಂದಳು. ಅವನು ನಕ್ಕಂತೆ ಮಾಡಿ ಚಪ್ಪಲಿ ಹುಡುಕತೊಡಗಿದ.

ಒಂಬತ್ತು ದಿನಗಳ ಹಿಂದೆ ಅವನು ಆಸ್ಪತ್ರೆಯ ಒಂದು ಹಾಳೆಯ ಮೇಲೆ, ಎಲ್ಲರೂ ಹೊಗಳುವ ತನ್ನ ದುಂಡನೆಯ ಅಕ್ಷರಗಳಲ್ಲಿ, ನಾಲ್ಕು ಸುಳ್ಳು ಬರೆದಿದ್ದ. ಪ್ರಯತ್ನಗಳು: ಮೂರು. ಮಾಸ್ಕಿನಲ್ಲಿ ಗಾಳಿ: ಸಲೀಸು. ರಕ್ತದ ಆಮ್ಲಜನಕ ಇಳಿದದ್ದು: ಎಂಬತ್ತೆಂಟರವರೆಗೆ. ಮೇಲಿನ ಮುಂದಿನ ಹಲ್ಲು: ಮೊದಲೇ ಸಡಿಲ. ನಿಜವಾಗಿ ಟ್ಯೂಬು ಇಳಿಸುವ ಪ್ರಯತ್ನಗಳು ನಾಲ್ಕು. ನಾಲ್ಕನೆಯದರ ಮೇಲೆ ಪೂರ್ತಿ ಎರಡು ನಿಮಿಷ ಮಾಸ್ಕಿನಲ್ಲಿ ಗಾಳಿಯೇ ಹೋಗಲಿಲ್ಲ. ನೂರರ ಹತ್ತಿರ ಇರಬೇಕಾದ ಆಮ್ಲಜನಕ ಅರವತ್ತೆಂಟಕ್ಕೆ ಇಳಿದಿತ್ತು. ಹಲ್ಲು ಗಟ್ಟಿಯಾಗಿಯೇ ಇತ್ತು, ಮುರಿದವನು ಅವನು. ರೋಗಿ ಬದುಕಿದಳು, ಎದ್ದು ಕೂತಳು, ಮನೆಗೂ ಹೋದಳು. ಆದರೆ ಶಸ್ತ್ರಚಿಕಿತ್ಸೆ ಆಗದೆ ಅವಳ ಕತ್ತಿನ ಥೈರಾಯ್ಡ್ ಗಡ್ಡೆ ಇದ್ದಲ್ಲೇ ಇತ್ತು, ಶ್ವಾಸನಾಳವನ್ನು ದಿನದಿಂದ ದಿನಕ್ಕೆ ಒತ್ತುತ್ತಿತ್ತು, ಅಂಗಾತ ಮಲಗಿದರೆ ಉಸಿರು ಸುಯ್ಯೆನ್ನುತ್ತಿತ್ತು. ಅದನ್ನು ತೆಗೆಯಲೇಬೇಕಿತ್ತು. ಇವತ್ತು ಅವಳು ಮತ್ತೆ ಬಂದಿದ್ದಾಳೆ. ಆ ಹಾಳೆಯೂ ಅವಳ ಜೊತೆಗೇ ಆಪರೇಷನ್ ಥಿಯೇಟರಿಗೆ ಬರುತ್ತದೆ. ಬಸ್‌ಸ್ಟಾಪಿನಲ್ಲಿ ನಿಂತವರ ಗದ್ದಗಳನ್ನು ದಾಟಿಕೊಂಡು, ಹೂವಿನ ಕುಂಡಗಳಿಟ್ಟ ಬ್ಯಾಂಕಿನ ಮೆಟ್ಟಿಲುಗಳನ್ನು ದಾಟಿಕೊಂಡು ನಡೆಯುವಾಗ ಅವನು ತನಗೆ ತಾನೇ ಹೇಳಿಕೊಂಡ: ಸುಳ್ಳು ಅಂದರೆ ದೊಡ್ಡ ಮಾತಾಯಿತು, ಬರವಣಿಗೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ. ಆ ಸಮಾಧಾನ ಆಸ್ಪತ್ರೆಯ ಗೇಟಿನವರೆಗೂ ಬಾಳಲಿಲ್ಲ.

ಅವನನ್ನು ವಿಭಾಗದಲ್ಲಿ ‘ಹಗುರ ಕೈ’ ಎನ್ನುತ್ತಿದ್ದರು. ಆ ಹೆಸರು ಬಂದಾಗಿನಿಂದ ಅವನು ತನ್ನ ಕೈಯನ್ನು ಬೇರೆಯವರ ಕೈಯೆಂಬಂತೆ ನೋಡಿಕೊಳ್ಳುತ್ತಿದ್ದ. ಕಲಿಯುವವರು ನೋಡಲು ಬರುತ್ತಿದ್ದರು: ಎಡಗೈಯಲ್ಲಿ ದೀಪವಿರುವ ಉಕ್ಕಿನ ಬ್ಲೇಡು, ನಾಲಿಗೆಯನ್ನು ಒಂದು ಬದಿಗೆ ಸರಿಸಿ ಎತ್ತಿದರೆ ಕತ್ತಲಲ್ಲಿ ಬೆಳ್ಳಗೆ ಹೊಳೆಯುವ ಎರಡು ಧ್ವನಿತಂತುಗಳು, ಅವುಗಳ ನಡುವೆ ಬಲಗೈಯಿಂದ ಟ್ಯೂಬು. ಹನ್ನೆರಡು ಸೆಕೆಂಡು. ಆ ತಂತುಗಳ ಬಾಗಿಲನ್ನು ಕಂಡಾಗ ಇಷ್ಟು ವರ್ಷಗಳ ಮೇಲೂ ಅವನ ಮೈ ಜುಮ್ಮೆನ್ನುತ್ತಿತ್ತು. ಒಬ್ಬ ಮನುಷ್ಯ ಹುಟ್ಟಿದಾಗಿನಿಂದ ಅತ್ತದ್ದು, ಬೈದದ್ದು, ಜೋಗುಳ ಹೇಳಿದ್ದು ಎಲ್ಲ ಆ ಸಣ್ಣ ಸಂದಿನಿಂದಲೇ, ಆದರೆ ಅದನ್ನು ಸ್ವತಃ ಆತ ಎಂದೂ ನೋಡಿರುವುದಿಲ್ಲ. ನೋಡುವ ಪುಣ್ಯ ನನ್ನದು ಅಂದುಕೊಳ್ಳುತ್ತಿದ್ದ. ಈ ಅಂದುಕೊಳ್ಳುವಿಕೆಯಲ್ಲಿ ಭಕ್ತಿ ಎಷ್ಟು, ಜಂಬ ಎಷ್ಟು ಎಂದು ವಿಂಗಡಿಸುವ ಗೊಡವೆಗೆ ಅವನು ಹೋಗಿರಲಿಲ್ಲ.

ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ನಿವೃತ್ತಿಗೆ ಇನ್ನು ಏಳು ತಿಂಗಳು. ಅವನಿಗೆ ಕಲಿಸಿದವರು. ಅವರು ಮಾಡಿಟ್ಟ ಒಂದು ಕಟ್ಟಳೆ ಆ ಥಿಯೇಟರುಗಳಲ್ಲಿ ನಡೆಯುತ್ತಿತ್ತು. ಬ್ಲೇಡು ಬಾಯೊಳಗೆ ಹೋಗಿ ಟ್ಯೂಬು ಕೂರದೆ ಹೊರಗೆ ಬಂದರೆ ಪಕ್ಕದಲ್ಲಿರುವ ಟೆಕ್ನಿಷಿಯನ್ ಗಟ್ಟಿಯಾಗಿ ಎಣಿಸಬೇಕು. ಒಂದು. ಎರಡು. ಮೂರು. ಮೂರಕ್ಕೆ ಆ ಕೈ ಪಕ್ಕಕ್ಕೆ ಸರಿಯಬೇಕು. ಬೇರೆ ಕೈ ಬರಬೇಕು, ಇಲ್ಲದಿದ್ದರೆ ರೋಗಿಯನ್ನು ಎಬ್ಬಿಸಬೇಕು. ಎಷ್ಟು ದೊಡ್ಡ ಡಾಕ್ಟರಾದರೂ ಅಷ್ಟೆ. ಎಣಿಸಿದವನು ಹಾಳೆಯಲ್ಲಿ ತನ್ನ ಅಂಕಣದಲ್ಲಿ ಸಹಿ ಹಾಕಬೇಕು. “ಟ್ಯೂಬ್ ಹೋಗ್ಲಿಲ್ಲ ಅಂತ ಯಾರೂ ಸಾಯಲ್ಲ ಕಣಯ್ಯಾ, ಗಾಳಿ ಹೋಗ್ಲಿಲ್ಲ ಅಂತ ಸಾಯ್ತಾರೆ,” ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. “ಒಂದು ಸಲ ಕೈ ಗಂಟಲೊಳಗೆ ಹೋಯ್ತು ಅಂದ್ರೆ ಕಿವಿ ಮುಚ್ಚಿಹೋಗುತ್ತೆ. ಅದಕ್ಕೇ ಎಣಿಸೋಕೆ ಇನ್ನೊಬ್ಬರು ಬೇಕು.” ಅವನು ಆಗ ಇಪ್ಪತ್ತೇಳರ ಪ್ರಾಯದವನು, ತನ್ನ ಕಿವಿ ಅಂಥದ್ದಲ್ಲ ಎಂದು ಗಟ್ಟಿಯಾಗಿ ನಂಬಿದ್ದ.

ಎಣಿಸುವ ಟೆಕ್ನಿಷಿಯನ್ನಿಗೆ ‘ಗಡಿಯಾರ’ ಎಂದು ಹೆಸರು ಬಿದ್ದು ಎಷ್ಟು ಕಾಲವಾಗಿತ್ತೆಂದರೆ ಸಂಬಳದ ಗುಮಾಸ್ತನೂ ಒಮ್ಮೊಮ್ಮೆ ನಿಜವಾದ ಹೆಸರಿಗೆ ತಡಕಾಡುತ್ತಿದ್ದ. ಐವತ್ತೈದು ದಾಟಿದ, ಒಣಕಲು ಮೈಯ, ಮಾತು ಕಡಿಮೆಯ ಮನುಷ್ಯ. ಒಂಬತ್ತು ದಿನಗಳ ಹಿಂದೆ, ಆವತ್ತು ಮೇಡಂ ರಜೆಯ ಮೇಲಿದ್ದರು. ಸರ್ಜನ್ ಹೊರಗೆ ಕೈ ತೊಳೆಯುತ್ತಿದ್ದರು, ನರ್ಸು ಆ ಕಡೆ ತಿರುಗಿ ಬಟ್ಟೆಯ ತುಂಡುಗಳನ್ನು ಜೋಡಿಸುತ್ತಿದ್ದಳು. ರೋಗಿ ನಗುತ್ತ ಮಲಗಿದ್ದಳು, ನಕ್ಕಾಗ ಬಾಯಿ ಧಾರಾಳವಾಗಿ ತೆರೆದುಕೊಂಡಿತ್ತು, ಅದನ್ನೇ ನೋಡಿ ಅವನು ‘ಇದೇನು ಮಹಾ’ ಅಂದುಕೊಂಡು, ಗಡ್ಡೆ ಒಳಗೆ ಏನು ಮಾಡಿದೆ ಎಂದು ಸ್ಕ್ಯಾನನ್ನು ಎರಡನೇ ಸಲ ನೋಡದೆ ಮತ್ತು ಕೊಟ್ಟಿದ್ದ. ಮೊದಲನೇ ಸಲ ಬಾಗಿಲು ಕಾಣಲೇ ಇಲ್ಲ, ಅದರ ಮೇಲಿನ ಮುಚ್ಚಳದ ಅಂಚು ಮಾತ್ರ ಕಂಡಿತು. ಮಾಸ್ಕಿನಲ್ಲಿ ಗಾಳಿ ಕೊಟ್ಟ, ಚೆನ್ನಾಗಿಯೇ ಹೋಯಿತು. ಎರಡನೇ ಸಲ ಟ್ಯೂಬಿಗೆ ದಾರಿ ತೋರಿಸುವ ರಬ್ಬರಿನ ಕಡ್ಡಿ ತೂರಿಸಿ ಅಂದಾಜಿನ ಮೇಲೆ ಹೋದ. ಟ್ಯೂಬು ಅನ್ನನಾಳಕ್ಕೆ ಇಳಿಯಿತು, ತಕ್ಷಣ ತೆಗೆದ. ಮೂರನೇ ಸಲ ದೊಡ್ಡ ಬ್ಲೇಡು, ಅದಕ್ಕೂ ಆಗಲಿಲ್ಲ. “ಮೂರು,” ಅಂದ ಗಡಿಯಾರ. ಅದು ಅವನಿಗೆ ಕೇಳಿಸಿತು. ಕೇಳಿಸಲಿಲ್ಲವೆಂದು ಹೇಳಲು ಈಗಲೂ ಬಾಯಿ ಬರುವುದಿಲ್ಲ. “ಇದು ಲೆಕ್ಕಕ್ಕಿಲ್ಲ, ತಲೆದಿಂಬು ಸರಿ ಇರ್ಲಿಲ್ಲ,” ಎಂದ, ಬೀದಿಯಲ್ಲಿ ಔಟಾದ ಹುಡುಗ ಬ್ಯಾಟು ಬಿಡದೆ ವಾದಿಸುವ ಹಾಗೆ, ಎಂದವನೇ ದಿಂಬು ಸರಿಪಡಿಸಿ ನಾಲ್ಕನೇ ಸಲ ಬ್ಲೇಡು ಇಳಿಸಿದ. “ಸಾರ್,” ಅಂದ ಗಡಿಯಾರ. “ಸಾರ್, ಸಾಕು.” ಕಟಕ್ ಎಂದ ಸದ್ದನ್ನು ಕಿವಿಗಿಂತ ಮೊದಲು ಮಣಿಕಟ್ಟು ಕೇಳಿಸಿಕೊಂಡಿತು. ರಕ್ತ ಬಂತು. ಹೊರಗೆ ತೆಗೆದು ಮಾಸ್ಕ್ ಒತ್ತಿದರೆ ಗಾಳಿ ಒತ್ತುವ ಕೈಯಲ್ಲಿನ ಚೀಲ ಕಲ್ಲಿನಂತಾಗಿತ್ತು. ಪ್ರತಿ ಸಲ ಕೆದಕಿದ್ದರ ಬಾವೆಲ್ಲ ಒಟ್ಟಾಗಿ ದಾರಿ ಮುಚ್ಚಿತ್ತು. ಆಮ್ಲಜನಕ ಅಳೆಯುವ ಯಂತ್ರದ ಕೂಗು ಮೆಟ್ಟಿಲಿಳಿದ ಹಾಗೆ ತಗ್ಗುತ್ತ ಹೋಯಿತು, ಅವನು ಇನ್ನೂ ಬಲವಾಗಿ ಚೀಲ ಒತ್ತಿದ, ಎದೆ ಏಳಲಿಲ್ಲ, ಇನ್ನೂ ಬಲವಾಗಿ ಒತ್ತಿದ, ಎದೆ ಏಳಲಿಲ್ಲ.

ಆಗ ಗಡಿಯಾರ ಕೇಳದೆ ಹೇಳದೆ ಅವನನ್ನು ಭುಜದಿಂದ ಪಕ್ಕಕ್ಕೆ ಸರಿಸಿ ತಾನು ತಲೆಯ ಬಳಿ ನಿಂತ. ರಕ್ತವನ್ನು ಹೀರಿ ತೆಗೆದ. ನಾಲಿಗೆ ಹಿಂದಕ್ಕೆ ಬೀಳದಂತೆ ಬಾಯೊಳಗೆ ಬಾಗಿದ ಪ್ಲಾಸ್ಟಿಕ್ಕಿನ ತುಂಡೊಂದನ್ನು ಇಟ್ಟ. ಎರಡೂ ಕೈಯಿಂದ ಮಾಸ್ಕ್ ಹಿಡಿದು, ಹೆಬ್ಬೆರಳುಗಳನ್ನು ಮೇಲಿಟ್ಟು, ಉಳಿದ ಬೆರಳುಗಳನ್ನು ಕಿವಿಯ ಕೆಳಗಿನ ಮೂಳೆಗೆ ಸಿಕ್ಕಿಸಿ, ದವಡೆಯನ್ನು ಅಷ್ಟಕ್ಕಷ್ಟೇ ಮುಂದಕ್ಕೆ ಎತ್ತಿದ. ಬಲವಿಲ್ಲ, ಗಡಿಬಿಡಿಯಿಲ್ಲ, ನಿದ್ದೆಹೋದ ಮಗುವಿನ ಮುಖವನ್ನು ದೀಪದ ಕಡೆ ತಿರುಗಿಸುವಷ್ಟು ಮೆಲ್ಲಗೆ. “ಚೀಲ ನೀವು ಒತ್ತಿ ಸಾರ್. ಮೆತ್ತಗೆ.” ಅವನು ಒತ್ತಿದ. ಎದೆ ಎದ್ದಿತು. ಎಲ್ಲಿ ಕಲಿತ ಈ ಮನುಷ್ಯ? ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಇಪ್ಪತ್ತಾರು ವರ್ಷ ಬೇರೆಯವರ ಕೈಗಳ ಪಕ್ಕದಲ್ಲಿ ನಿಂತು, ಒಂದು, ಎರಡು ಎಂದು ಎಣಿಸುತ್ತಲೇ ಆ ಕೈಗಳಲ್ಲಿದ್ದ ಒಳ್ಳೆಯದನ್ನೆಲ್ಲ ಹೀರಿಕೊಂಡಿದ್ದ. ಸರ್ಜನ್ ಒಳಗೆ ಬರುವ ಹೊತ್ತಿಗೆ ಎಲ್ಲ ತಿಳಿಯಾಗಿತ್ತು, ಗಡಿಯಾರ ಮಾಸ್ಕನ್ನು ಅವನ ಕೈಗೆ ಕೊಟ್ಟು ಟ್ರೇ ಒರೆಸುತ್ತಿದ್ದ. ರೋಗಿಯನ್ನು ಎಬ್ಬಿಸಿದರು. ಆಮೇಲೆ ಅವನು ಹಾಳೆ ಬರೆದು ಸಹಿಗೆಂದು ಮುಂದೆ ಚಾಚಿದಾಗ ಗಡಿಯಾರ ಓದಿ, ಮಡಿಸಿ ವಾಪಸು ಕೊಟ್ಟು, “ಆಮೇಲೆ ಹಾಕ್ತೀನಿ ಸಾರ್,” ಎಂದ. ಆ ‘ಆಮೇಲೆ’ಗೆ ಇವತ್ತಿಗೆ ಒಂಬತ್ತು ದಿನ. ದೂರು ಕೊಟ್ಟಿದ್ದರೆ, ಜಗಳ ಆಡಿದ್ದರೆ ಎಷ್ಟೋ ಮೇಲಿತ್ತು. ಎಂದಿನಂತೆ ಟೀ ತಂದುಕೊಡುತ್ತಿದ್ದ, ಎಂದಿನಂತೆ ಸಕ್ಕರೆ ಕಡಿಮೆ.

ಮೇಡಂ ಕೋಣೆಯಲ್ಲಿ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ನಿಂತಿದ್ದರು. “ಬಾ. ನೋಡು, ಪಾಪ, ಶ್ವಾಸನಾಳ ಹೇಗೆ ಸೊಟ್ಟಗಾಗಿದೆ. ಇವಳನ್ನ ಎಚ್ಚರ ಇಟ್ಟುಕೊಂಡೇ ಮಾಡ್ಬೇಕಿತ್ತು.” ಬೈಗುಳವಿರಲಿಲ್ಲ ಅದರಲ್ಲಿ, ಲೆಕ್ಕ ತಪ್ಪಿದ ಮಗುವಿಗೆ ಉತ್ತರ ತೋರಿಸಿದ ಹಾಗಿತ್ತು. ಇವತ್ತಿನ ಯೋಜನೆ ಹೇಳಿದರು: ಗಂಟಲನ್ನು ಮರಗಟ್ಟಿಸಿ, ಅವಳನ್ನು ಕೂರಿಸಿಕೊಂಡೇ, ಮೂಗಿನಿಂದ, ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಸ್ಕೋಪು ಇಳಿಸಿ, ಅದರ ಮೇಲಿಂದ ಟ್ಯೂಬು ಜಾರಿಸುವುದು. ಟ್ಯೂಬು ಕೂತ ಮೇಲಷ್ಟೇ ಮತ್ತು ಬರಿಸುವುದು. “ಅದು ಆಗ್ಲಿಲ್ಲ ಅಂದ್ರೆ ಮಲಗಿಸಿ ಮಾಸ್ಕ್‌ನಲ್ಲಿ ಗಾಳಿ ಕೊಡ್ತಾ ಇನ್ನೊಂದು ದಾರಿ ನೋಡೋಣ. ಮಾಸ್ಕ್ ಸಲೀಸು ಅಂತ ನೀನೇ ಬರ್ದಿದ್ದೀಯಲ್ಲ.” ಹಾಳೆಯನ್ನು ಕನ್ನಡಕದ ಕೆಳಗಿನಿಂದ ನೋಡಿದರು. “ಮೂರೇ ತಾನೆ?” “ಮೂರೇ ಮೇಡಂ,” ಎಂದ. “ಗಡಿಯಾರದ ಸಹಿ ಇಲ್ಲ?” “ಮರ್ತಿರ್ಬೇಕು.” ಮೇಡಂ ಹಾಳೆ ಇಟ್ಟರು. ಇನ್ನೊಬ್ಬರ ಮೇಲೆ ಮರೆವನ್ನೂ ಹೊರಿಸಿದ್ದಾಯಿತು. ಹೊರಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತ. ಯೋಜನೆಯ ಎರಡನೇ ಕಾಲು ನಿಂತಿದ್ದು ಅವನ ಸುಳ್ಳಿನ ಮೇಲೆ. ಸ್ಕೋಪು ಸೋತು ಅವಳನ್ನು ಮಲಗಿಸಿದರೆ, ಮತ್ತೆ ಕೆದಕಿದ ಗಂಟಲು ಮತ್ತೆ ಬಾತರೆ, ಆ ಚೀಲ ಮತ್ತೆ ಕಲ್ಲಾದರೆ, ಮಾಸ್ಕ್ ಸಲೀಸೆಂದು ನಂಬಿ ಯಾರೂ ಬೇರೆ ತಯಾರಿ ಮಾಡಿಕೊಂಡಿರುವುದಿಲ್ಲ. ಅವಳು ಸಾಯುತ್ತಾಳೆ. ಸ್ಕೋಪು ಸೋಲುವುದಿಲ್ಲ, ನನ್ನ ಕೈ ಸೋಲುವುದಿಲ್ಲ ಎಂದು ಅಂದುಕೊಂಡ. ಒಂಬತ್ತು ದಿನದ ಹಿಂದೆಯೂ ಅದೇ ಅಂದುಕೊಂಡಿದ್ದ.

ರೋಗಿ ಬಸ್ ಕಂಡಕ್ಟರ್, ಎಲ್ಲರೂ ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು. ಥಿಯೇಟರಿನ ಪಕ್ಕದ ಕೋಣೆಯಲ್ಲಿ ಹಸಿರು ಗೌನು ತೊಟ್ಟು, ಕಾಲು ಇಳಿಬಿಟ್ಟು ಮಂಚದ ಮೇಲೆ ಕೂತಿದ್ದಳು. ಅವನನ್ನು ಕಂಡು ನಕ್ಕಳು. ಮೇಲಿನ ಸಾಲಿನಲ್ಲಿ ಒಂದು ಕಿಂಡಿ. “ಬನ್ನಿ ಡಾಕ್ಟ್ರೇ. ಮೂರು ದಿನ ಡ್ಯೂಟಿಗೆ ಹೋಗಿದ್ದೆ. ಸೀಟಿ ಊದಿದ್ರೆ ಗಾಳಿ ಇಲ್ಲಿಂದ ಸೋರಿ ಹೋಗುತ್ತೆ. ನಮ್ಮ ಡ್ರೈವರಣ್ಣ, ಏನಮ್ಮಾ, ಕುಕ್ಕರಿನ ವಾಷರ್ ಹೋಗಿದೆಯಾ ಅಂತಾರೆ.” ಅವನು ಅವಳ ಮೂಗಿನ ಹೊಳ್ಳೆಗಳನ್ನು ನೋಡಿದ, ಯಾವುದರಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಒಂದೊಂದನ್ನೇ ಮುಚ್ಚಿ ಉಸಿರಾಡಿಸಿದ. “ನಲವತ್ತೆರಡು ವರ್ಷ ಕಲ್ಲಿನ ಹಾಗೆ ಇತ್ತು ಆ ಹಲ್ಲು,” ಎಂದಳು ಅವಳು. “ಯಾವಾಗ ಸಡಿಲ ಆಯ್ತೋ ನನಗೇ ಗೊತ್ತಾಗ್ಲಿಲ್ಲ ನೋಡಿ. ಬಾಯಿ ನಂದೇ ಅಲ್ವಾ, ನಾನು ನೋಡ್ಕೋಬೇಕಿತ್ತು. ಮೊದ್ಲೇ ಹೇಳಿದ್ರೆ ನಿಮಗೂ ತೊಂದ್ರೆ ಆಗ್ತಿರ್ಲಿಲ್ಲ.” ಅವನು ಏನೋ ಗೊಣಗಿದ. “ಆವತ್ತು ನೀವು ಇಲ್ದಿದ್ರೆ ನನ್ನ ಕಥೆ ಮುಗೀತಿತ್ತಂತೆ. ಹೊರಗೆ ನಮ್ಮಕ್ಕ ಕೂತಿದ್ದಾಳೆ, ಎರಡು ಕೈ ಎತ್ತಿ ಮುಗಿಯೋಣ ಅಂತಿದ್ಲು.” ಯಾರು ಹಾಗೆ ಹೇಳಿದರೆಂದು ಅವನು ಕೇಳಲಿಲ್ಲ, ಅವನೇ ಅಕ್ಕನ ಮುಂದೆ ಹಾಗೆ ಅರ್ಥ ಬರುವಂತೆ ಮಾತಾಡಿದ್ದ. ಅವಳ ಉಸಿರು ಮಾತಿನ ನಡುವೆ ಸಣ್ಣಗೆ ಸುಯ್ಯೆನ್ನುತ್ತಿತ್ತು. ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ನಲ್ಲಿ ಬಿಟ್ಟು ಸುಮ್ಮನೆ ನಿಂತುಕೊಂಡ.

ಒಳಗೆ ಗಡಿಯಾರ ಟ್ರಾಲಿ ಸಜ್ಜು ಮಾಡುತ್ತಿದ್ದ. ಸ್ಕೋಪಿನ ದೀಪ ನೋಡಿದ, ಟ್ಯೂಬನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಸ್ಕೋಪಿಗೆ ಪೋಣಿಸಿದ, ಮರಗಟ್ಟಿಸುವ ಔಷಧಿಯ ಸಿರಿಂಜುಗಳ ಮೇಲೆ ಒಂದೊಂದಕ್ಕೂ ಚೀಟಿ ಅಂಟಿಸಿದ. ಆಮೇಲೆ ಕೆಳಗಿನ ಖಾನೆಯಿಂದ, ಯೋಜನೆಯಲ್ಲಿ ಇಲ್ಲದಿದ್ದ ಒಂದು ಪೊಟ್ಟಣ ತೆಗೆದು ಟ್ರಾಲಿಯ ಮೂಲೆಯಲ್ಲಿ, ಬಟ್ಟೆಯ ಕೆಳಗೆ ಇಟ್ಟ. ಬೇರೆಲ್ಲ ಕೈಕೊಟ್ಟಾಗ ಕತ್ತಿನ ಮುಂಭಾಗ ಸೀಳಿ ನೇರವಾಗಿ ಗಾಳಿ ಕೊಡುವ ಸಾಮಾನು. ಅವನು ನೋಡಿದ. ತಾನು ನೋಡಿದ್ದು ಗಡಿಯಾರನಿಗೂ ಗೊತ್ತಾಯಿತು. “ಇರ್ಲಿ ಸಾರ್,” ಎಂದ ಗಡಿಯಾರ, ಅಷ್ಟೆ. ಬರೆದವನ ಮಾನ ಉಳಿಸಿ ರೋಗಿಯ ಜೀವವನ್ನೂ ಉಳಿಸಲು ಆ ಮನುಷ್ಯ ಕಂಡುಕೊಂಡ ದಾರಿ ಅದು, ಒಂದು ಬಟ್ಟೆಯ ಕೆಳಗೆ. ಅವನಿಗೆ ಬಂದ ನಾಚಿಕೆಗೆ ಮುಖ ಸುಟ್ಟಂತಾಯಿತು. ಈ ಮನುಷ್ಯನ ಮುಂದೆ ತಾನು ಎಷ್ಟು ಸಣ್ಣವನೆಂದು ಅಳೆಯಲು ಮೂರು ಬೆರಳೂ ಬೇಕಿರಲಿಲ್ಲ.

ಮೇಡಂ ಅವರ ಇನ್ನೊಂದು ಕಟ್ಟಳೆಯೆಂದರೆ ಕೆಲಸ ಶುರುವಾಗುವ ಮೊದಲು ಯೋಜನೆಯನ್ನು ರೋಗಿಯ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಹೇಳಬೇಕು, ರೋಗಿಗೂ ಕೇಳಿಸಬೇಕು. ಕಂಡಕ್ಟರಮ್ಮ ಮೇಜಿನ ಮೇಲೆ ಒರಗಿ ಕೂತಿದ್ದಳು. ಸರ್ಜನ್, ನರ್ಸು, ಗಡಿಯಾರ, ಮೇಡಂ ಸುತ್ತ ನಿಂತರು. ಹಾಳೆ ಅವನ ಕೈಯಲ್ಲಿತ್ತು. “ಹಿಂದಿನ ಸಲದ ವಿವರ,” ಎಂದು ಶುರುಮಾಡಿದ. “ಪ್ರಯತ್ನಗಳು...” ತನ್ನ ದುಂಡನೆಯ ಅಕ್ಷರಗಳನ್ನು ನೋಡಿದ. ಓದಿಬಿಟ್ಟರೆ ಮುಗಿಯಿತು, ಮೂರು ಎಂಬ ಎರಡಕ್ಷರ. ಗಡಿಯಾರ ಅವನನ್ನು ನೋಡುತ್ತಿರಲಿಲ್ಲ. ಔದಾರ್ಯದಿಂದ ಕಿಟಕಿಯ ಕಡೆ ನೋಡುತ್ತಿದ್ದ. “ನಾಲ್ಕು,” ಎಂದ ಅವನು. “ಇದರಲ್ಲಿ ಮೂರು ಅಂತಿದೆ. ಸುಳ್ಳು. ಇವರು ಮೂರು ಅಂತ ಎಣಿಸಿ ಸಾಕು ಅಂದ್ರು. ನಾನು ಕೇಳ್ಲಿಲ್ಲ. ನಾಲ್ಕನೇದರಲ್ಲಿ ಹಲ್ಲು ಮುರೀತು. ಅದು ಸಡಿಲ ಇರ್ಲಿಲ್ಲ ಅಮ್ಮಾ, ಗಟ್ಟಿಯಾಗಿತ್ತು. ಆಮೇಲೆ ಎರಡು ನಿಮಿಷ ಮಾಸ್ಕ್‌ನಲ್ಲಿ ಗಾಳಿ ಹೋಗ್ಲಿಲ್ಲ. ಅರವತ್ತೆಂಟಕ್ಕೆ ಇಳೀತು. ನಿಮ್ಮನ್ನ ಉಳಿಸಿದ್ದು ನಾನಲ್ಲ. ಇವರು.” ಗಡಿಯಾರನ ಕಡೆ ಕೈ ತೋರಿಸಿದ. ಗಡಿಯಾರ ತಲೆ ತಗ್ಗಿಸಿ ಚೀಟಿಗಳನ್ನು ಮತ್ತೊಮ್ಮೆ ಜೋಡಿಸತೊಡಗಿದ. ಮೇಡಂ, “ಹಾಗಾದ್ರೆ ಮಲಗಿಸೋ ಮಾತೇ ಇಲ್ಲ,” ಎಂದರು. “ಎಚ್ಚರದಲ್ಲಿ ಆದ್ರೆ ಆಯ್ತು. ಇಲ್ಲ ಅಂದ್ರೆ ಇವತ್ತಿಗೆ ನಿಲ್ಲಿಸೋಣ. ಆ ಪೊಟ್ಟಣ ಮೇಲಕ್ಕೆ ಇಡಿ, ಬಟ್ಟೆ ಯಾಕೆ? ಸರ್ಜನ್, ನೀವು ಕೈ ತೊಳ್ಕೊಂಡು ಇಲ್ಲೇ ನಿಂತಿರಿ.” ಅಷ್ಟು ಹೊತ್ತಿಗೇ ಅವರಿಗೆ ಗೊತ್ತಾಗಿತ್ತು ಅದು ಅಲ್ಲಿದೆಯೆಂದು.

ಕಂಡಕ್ಟರಮ್ಮನ ನಗು ಹೋಗಿತ್ತು. ನಾಲಿಗೆಯ ತುದಿ ತಾನಾಗಿ ಆ ಕಿಂಡಿಗೆ ಹೋಗಿ ಬಂತು. “ನಾನು ನನ್ನನ್ನೇ ಬೈಕೊಂಡೆ,” ಎಂದಳು ಮೆಲ್ಲಗೆ. “ಒಂಬತ್ತು ದಿನ.” ತಪ್ಪಾಯಿತು ಎಂಬ ಮಾತು ಅವನ ಬಾಯಿಗೆ ಬಂದು, ತೀರ ಅಗ್ಗವಾಗಿ ಕಂಡು, ಆದರೂ ಹೇಳಲೇಬೇಕೆಂದು ಹೇಳಿದ. “ತಪ್ಪಾಯ್ತು.” ಅವಳು ತಲೆಯಾಡಿಸಲಿಲ್ಲ. ಮೇಡಂ ಕಡೆ ತಿರುಗಿ, “ಇವರೇ ಮಾಡ್ಬೇಕಾ?” ಎಂದಳು. “ಇಲ್ಲಮ್ಮ. ಯಾರು ಮಾಡ್ಬೇಕು ಅಂತ ನೀವು ಹೇಳಿ.” “ನೀವೇ ಮಾಡಿ.” “ಆಗ್ಲಿ,” ಎಂದು ಮೇಡಂ ತೋಳು ಮಡಿಸಿದರು. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಹದಿನಾಲ್ಕು ವರ್ಷದಲ್ಲಿ ಯಾವ ರೋಗಿಯೂ ಅವನ ಕೈ ಬೇಡ ಅಂದಿರಲಿಲ್ಲ. ಕಂಡಕ್ಟರಮ್ಮ ಈಗ ಗಡಿಯಾರನನ್ನು ನೋಡಿದಳು. “ಎಣಿಸೋರು ನೀವೇ ಅಲ್ವಾ? ಜೋರಾಗಿ ಎಣಿಸಿ. ನಾನೂ ದಿನಾ ತಲೆ ಎಣಿಸೋಳೇ. ನನಗೂ ಕೇಳಿಸ್ಬೇಕು.” “ಆಗ್ಲಿ ತಾಯಿ,” ಎಂದ ಗಡಿಯಾರ.

ಮೇಡಂ ಗಂಟಲು ಮರಗಟ್ಟಿಸಿದ್ದನ್ನು ಪಕ್ಕದಲ್ಲಿ ನಿಂತು ನೋಡುವುದೇ ಒಂದು ಪಾಠವಾಗಿತ್ತು. ಒಂದೊಂದು ಹನಿಗೂ ಮೊದಲೇ ಹೇಳುವರು: ಈಗ ಕಹಿ ಆಗುತ್ತೆ, ಈಗ ನಾಲಿಗೆ ದಪ್ಪ ಆದಂಗೆ ಅನ್ಸುತ್ತೆ, ಈಗ ನುಂಗೋದು ಮರ್ತುಹೋದಂಗೆ ಅನ್ಸುತ್ತೆ, ಆದ್ರೆ ಉಸಿರು ನಿಮ್ಮದೇ, ಅದು ಎಲ್ಲೂ ಹೋಗಲ್ಲ. ಇಪ್ಪತ್ತು ನಿಮಿಷ ತೆಗೆದುಕೊಂಡರು. ಸರ್ಜನ್ ಗೋಡೆಯ ಮೇಲಿನ ಗಡಿಯಾರ ನೋಡಿಕೊಂಡರೂ ಅವರು ತಿರುಗಿ ನೋಡಲಿಲ್ಲ. ಸ್ಕೋಪು ಮೂಗಿನಿಂದ ಇಳಿಯಿತು, ಪರದೆಯ ಮೇಲೆ ಗುಲಾಬಿ ಬಣ್ಣದ ಒದ್ದೆ ಗುಹೆ ತೆರೆಯಿತು. ತಿರುವಿನಲ್ಲಿ ಚಿತ್ರ ಅಲುಗಿತು. ಸರಿಹೋಯಿತು, ಮತ್ತೆ ಅಲುಗಿತು. ಗಡ್ಡೆ ಒತ್ತಿದ ಕಡೆ ದಾರಿ ಚೂಪಾಗಿ ಎಡಕ್ಕೆ ಹೊರಳುತ್ತಿತ್ತು, ಅಲ್ಲಿ ಮೇಡಂ ಅವರ ಹೆಬ್ಬೆರಳು ಸಣ್ಣಗೆ ನಡುಗುವುದನ್ನು ಅವನು ಕಂಡ. ಅದು ಅವರಿಗೂ ಕಂಡಿತ್ತು. ಕಂಡಕ್ಟರಮ್ಮ ಒಂದು ಸಲ ಕೆಮ್ಮಿದ್ದಳು, ಅಷ್ಟೆ. ಇನ್ನೊಂದು ಸ್ವಲ್ಪ ಒತ್ತಿದ್ದರೆ ಹೋಗುತ್ತಿತ್ತೋ ಏನೋ. ಮೇಡಂ ಒತ್ತಲಿಲ್ಲ. ಮೆಲ್ಲಗೆ ಸ್ಕೋಪನ್ನು ಹೊರಗೆ ತೆಗೆದು, ಗಡಿಯಾರ ಬಾಯಿ ತೆರೆಯುವ ಮೊದಲೇ ತಾವೇ “ಒಂದು” ಎಂದರು. ನಲವತ್ತು ಸೆಕೆಂಡೂ ಆಗಿರಲಿಲ್ಲ. ತಾನು ನಾಲ್ಕು ಸಲಕ್ಕೂ ಮಾಡಲಾರದ್ದನ್ನು ಈ ಹೆಂಗಸು ಮೊದಲ ಸಲಕ್ಕೇ ಮಾಡಿದರು, ನಿಲ್ಲಿಸಿದರು. ಟ್ಯೂಬು ಇಳಿಸುವುದನ್ನು ಅವರಿಂದ ಕಲಿತಿದ್ದ, ಇದನ್ನು ಕಲಿತಿರಲಿಲ್ಲ. ಅವರ ಕಾಲಿಗೆ ಬೀಳಬೇಕೆನ್ನಿಸಿತು, ಅಷ್ಟು ದೊಡ್ಡ ಕೆಲಸವಾಗಿತ್ತು ಅದು, ಅಷ್ಟು ಸದ್ದಿಲ್ಲದ್ದು.

“ನೋಡಿ ಅಮ್ಮ,” ಎಂದರು ಮೇಡಂ, “ನನ್ನ ಕೈಗೆ ವಯಸ್ಸಾಗಿದೆ, ಆ ತಿರುವಿನಲ್ಲಿ ನಡುಗ್ತಿದೆ. ಇನ್ನೊಂದು ಸಲ ನಾನು ಮಾಡಿದ್ರೆ ನಿಮಗೆ ನೋವಾಗುತ್ತೆ. ಸ್ಕೋಪಿನಲ್ಲಿ ಇವನ ಕೈ ನನಗಿಂತ ಚೆನ್ನಾಗಿದೆ, ಅದು ನಿಜ. ಇವನು ನಿಮಗೆ ಸುಳ್ಳು ಹೇಳಿದ್ದೂ ನಿಜ. ಬೇಡ ಅಂದ್ರೆ ಇವತ್ತು ನಿಲ್ಲಿಸಿ, ಬೇರೆ ಆಸ್ಪತ್ರೆಯಿಂದ ಇನ್ನೊಬ್ಬರನ್ನ ಕರೆಸ್ತೀನಿ.” ಕಂಡಕ್ಟರಮ್ಮ ಕಣ್ಣು ಮುಚ್ಚಿಕೊಂಡು ಸುಯ್ಯೆನ್ನುವ ತನ್ನ ಉಸಿರನ್ನೇ ಕೇಳಿಸಿಕೊಂಡಂತೆ ಕೂತಳು. ಆಮೇಲೆ ಮರಗಟ್ಟಿದ ನಾಲಿಗೆಯಲ್ಲಿ, ಮಾತು ಎಡವಿಕೊಂಡು, “ಮಾಡ್ಲಿ,” ಎಂದಳು. “ಎಣಿಕೆ ಬಿಡ್ಬೇಡಿ.”

ಅವನು ಅವಳ ಎದುರಿಗೆ ನಿಂತ. ಅವಳ ಕಣ್ಣುಗಳು ಒಂದು ಗೇಣು ದೂರದಲ್ಲಿದ್ದವು. ಈ ಕೆಲಸದಲ್ಲಿ ಅವನು ಯಾವಾಗಲೂ ಮುಚ್ಚಿದ ಕಣ್ಣುಗಳ ಮೇಲೆ ಬಾಗಿದವನು. ನೋಡುವ ಕಣ್ಣುಗಳ ಮುಂದೆ ಕೈ ಎತ್ತುವುದು ಬೇರೆಯೇ ಆಗಿತ್ತು. ಸ್ಕೋಪು ಇಳಿಯಿತು. ತಿರುವು ಬಂತು, ಹೆಬ್ಬೆರಳನ್ನು ಕೂದಲೆಳೆಯಷ್ಟು ಒತ್ತಿದ, ದಾರಿ ಎಡಕ್ಕೆ ಹೊರಳಿತು, ಮುಚ್ಚಳ ಕಂಡಿತು, ಅದರ ಕೆಳಗೆ ಬಾಗಿಲು. ಮುಚ್ಚಿದ ಬಾಗಿಲು, ಎರಡು ಬಿಳಿಯ ಎಳೆಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಉಸಿರು ಹಿಡಿದಿದ್ದಳು. ಹೆದರಿಯೋ, ಬೇಕೆಂದೋ, ಅವನಿಗೆ ತಿಳಿಯಲಿಲ್ಲ. ಒಂಬತ್ತು ದಿನದ ಹಿಂದಿನವನಾಗಿದ್ದರೆ ತಳ್ಳುತ್ತಿದ್ದ. ಅವನು ಸ್ಕೋಪನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ನಿಂತ. “ಅವಸರ ಇಲ್ಲಮ್ಮಾ,” ಎಂದ. “ನಿಮಗೆ ಆದಾಗ ಉಸಿರು ಎಳ್ಕೊಳ್ಳಿ. ನೀವು ಬಿಟ್ರೆ ಮಾತ್ರ ನಾನು ಒಳಗೆ ಬರ್ತೀನಿ.” ಅವಳು ಅವನನ್ನು ನೋಡಿದಳು. ಆಮೇಲೆ ಅವಳ ಎದೆ ಅಗಲವಾಯಿತು, ಪರದೆಯ ಮೇಲೆ ಎರಡು ಎಳೆಗಳು ದೂರ ಸರಿದವು, ಆಚೆಗೆ ಶ್ವಾಸನಾಳದ ಬಳೆಗಳು ಒಂದರ ಕೆಳಗೊಂದು ಬೆಳಕಿನಲ್ಲಿ ಹೊಳೆಹೊಳೆದು ಕಾಣಿಸಿದವು. ಅವಳ ಉಸಿರೇ ಅವನನ್ನು ಒಳಗೆ ಕರೆದುಕೊಂಡಿತು. ಟ್ಯೂಬು ಜಾರಿ ಕೂತಿತು, ಅದರ ಗೋಡೆಯ ಮೇಲೆ ಹಬೆ ಬಂತು, ಹೋಯಿತು, ಬಂತು.

“ಕೂತಿದೆ,” ಎಂದರು ಮೇಡಂ, ಯಂತ್ರದ ಗೆರೆ ನೋಡಿ. ಗಡಿಯಾರ ಮತ್ತಿನ ಸಿರಿಂಜನ್ನು ಕೈಗೆ ಕೊಟ್ಟ. ಅವಳ ಕೈಯ ನರಕ್ಕೆ ಚುಚ್ಚಿಟ್ಟಿದ್ದ ಸೂಜಿಗೆ ಅದನ್ನು ಸಿಕ್ಕಿಸಿದವನು ಒತ್ತಲಾರದೆ ನಿಂತ. ಟ್ಯೂಬು ಇಳಿದಿದ್ದರಿಂದ ಅವಳು ಇನ್ನು ಮಾತಾಡುವಂತಿರಲಿಲ್ಲ. ತಾನಾಗಿ ಉಸಿರಾಡುತ್ತಿದ್ದಳು, ಚೆನ್ನಾಗಿ, ಸದ್ದಿಲ್ಲದೆ. ಇದೊಂದನ್ನು ಒತ್ತಿದರೆ ಆ ಉಸಿರು ಮತ್ತೆ ಅವನ ಕೈಗೆ ಬರುತ್ತದೆ. ಹೋದ ಸಲ ಅದನ್ನು ಅವನು ಕೇಳದೆ ತೆಗೆದುಕೊಂಡಿದ್ದ. “ಕೊಡ್ಲಾ ಅಮ್ಮಾ?” ಎಂದ. ಅವಳು ಅವನನ್ನು ಇನ್ನೊಂದು ಸಲ, ನೋಟು ಖೋಟಾ ಇರಬಹುದೇ ಎಂದು ಬೆಳಕಿಗೆ ಹಿಡಿದು ನೋಡುವ ಹಾಗೆ ನೋಡಿದಳು. ಆಮೇಲೆ ಬಲಗೈಯನ್ನು ಎತ್ತಿ, ತುಂಬಿದ ಬಸ್ಸಿನ ಮೈಗೆ ‘ರೈಟ್’ ಎಂದು ತಟ್ಟುವ ಹಾಗೆ, ಮೇಜಿನ ಉಕ್ಕಿನ ಅಂಚಿಗೆ ಎರಡು ಸಲ ಬಲವಾಗಿ ತಟ್ಟಿದಳು.